ಮೂರನೇ ಕೋಣೆಯ ಓನರಮ್ಮ

“ಏಯ್, ಅಲ್ಲಿ ಕಾಲಿಡಬೇಡ! ಅದು ನಮ್ಮಜ್ಜಿ ಮಲಗೋ ಜಾಗ.”

ಟೀಚರ್ ಹಾಜರಿ ಪುಸ್ತಕದಿಂದ ತಲೆ ಎತ್ತಿದರು. ಕಿಟಕಿ ಪಕ್ಕದ ಸಾಲಿನಲ್ಲಿ ಇಬ್ಬರು ಹುಡುಗರು ಕೊಕ್ಕರೆಗಳ ಹಾಗೆ ಒಂಟಿ ಕಾಲಲ್ಲಿ ನಿಂತಿದ್ದರು. ಅವರೆದುರು ಸೊಂಟದ ಮೇಲೆ ಕೈಯಿಟ್ಟುಕೊಂಡು ಒಂಬತ್ತು ವರ್ಷದ ಹುಡುಗಿ. ನೆಲದ ಮೇಲೆ ಪೆನ್ಸಿಲ್ ಕೆತ್ತಿದ ಸಿಪ್ಪೆ ಬಿದ್ದಿತ್ತು. ಅವಳ ಸಿಟ್ಟಿಗೆ ಅದೂ ಒಂದು ಕಾರಣ.

“ತಪ್ಪಾಯ್ತು ಓನರಮ್ಮ,” ಅಂದ ಒಬ್ಬ, ಕೈ ಮುಗಿದು. “ಮನೆ ಖಾಲಿ ಮಾಡ್ಸಬೇಡಿ, ಮಕ್ಕಳೊಂದಿಗ ನಾನು.”

ಕ್ಲಾಸು ಗೊಳ್ಳೆಂದಿತು. ಓನರಮ್ಮ ನಗಲಿಲ್ಲ. ಮೂಲೆಯಿಂದ ಪೊರಕೆ ತಂದು ಸಿಪ್ಪೆ ಗುಡಿಸಿದಳು, ಪೊರಕೆಯನ್ನು ಇದ್ದಲ್ಲೇ ಇಟ್ಟಳು, ಬಂದು ಕೂತಳು. ಟೀಚರಿಗೆ ಗದರಬೇಕು ಅನ್ನಿಸಿತು. ಯಾರನ್ನು ಗದರುವುದು ಅಂತ ಗೊತ್ತಾಗದೆ ಹಾಜರಿ ಮುಂದುವರಿಸಿದರು.

ನೆರೆ ಬಂದು ಎರಡು ತಿಂಗಳಾಗಿತ್ತು. ಊರಿನಲ್ಲಿ ಎತ್ತರದ ಜಾಗ ಅಂತಿದ್ದದ್ದು ಶಾಲೆಯೊಂದೇ. ಹಾಗಾಗಿ ನಲವತ್ತು ದಿನ ಅದು ಶಾಲೆಯಾಗಿರದೆ ಆಶ್ರಯ ಕೇಂದ್ರವಾಗಿತ್ತು. ಒಂದೊಂದು ಕೋಣೆಯಲ್ಲಿ ಹತ್ತು ಹನ್ನೆರಡು ಕುಟುಂಬ, ಕಿಟಕಿ ಸರಳಿಗೆಲ್ಲ ಒದ್ದೆ ಬಟ್ಟೆ, ಕಪ್ಪುಹಲಗೆಯ ಮೇಲೆ ನೀರು ತರುವ ಪಾಳಿ ಯಾವತ್ತು ಯಾರದು ಎಂಬ ಪಟ್ಟಿ. ಆಮೇಲೆ ಒಬ್ಬೊಬ್ಬರಾಗಿ ಹೊರಟರು. ಕೆಲವರು ಕೆಸರು ತೆಗೆದ ತಮ್ಮ ಮನೆಗೆ, ಕೆಲವರು ನೆಂಟರ ಮನೆಗೆ, ಉಳಿದವರು ಊರಾಚೆಯ ತಗಡಿನ ಶೆಡ್ಡುಗಳಿಗೆ. ಶಾಲೆ ಮತ್ತೆ ತೆರೆದು ಹತ್ತು ದಿನವಾದರೂ ಮೂರನೇ ಕೋಣೆಯಲ್ಲಿ ಇಬ್ಬರು ಉಳಿದುಬಿಟ್ಟಿದ್ದರು, ಅಜ್ಜಿ ಮತ್ತು ಮೊಮ್ಮಗಳು. ಮೂರನೇ ಕೋಣೆ ಎಂದರೆ ನಾಲ್ಕನೇ ತರಗತಿ. ಮೊಮ್ಮಗಳು ಓದುತ್ತಿದ್ದದ್ದೂ ನಾಲ್ಕನೇ ತರಗತಿಯೇ.

ಬೆಳಿಗ್ಗೆ ಎಂಟಕ್ಕೆಲ್ಲ ಅಜ್ಜಿ ಚಾಪೆ ಸುತ್ತಿ, ಸ್ಟವ್ವು, ಎರಡು ಪಾತ್ರೆ, ಬಟ್ಟೆಯ ಗಂಟು ಎಲ್ಲವನ್ನೂ ಬೀರುವಿನ ಹಿಂದೆ ಸೇರಿಸಿ ಮೇಲೊಂದು ಹೊದಿಕೆ ಹಾಕುತ್ತಿದ್ದಳು. ಆಮೇಲೆ ಹೊರಗಿನ ಮೆಟ್ಟಿಲಿನ ಮೇಲೆ ಗೇಟಿಗೆ ಮುಖ ಮಾಡಿ ಕೂತರೆ ಸಂಜೆ ಗಂಟೆ ಹೊಡೆಯುವವರೆಗೂ ಅಲ್ಲೇ. ಎಷ್ಟು ಒಪ್ಪ ಮಾಡಿಟ್ಟರೂ ಕೋಣೆಯಲ್ಲಿ ಸೀಮೆಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಟೀಚರಿಗೆ ಮಧ್ಯಾಹ್ನದ ಹೊತ್ತಿಗೆ ತಲೆನೋವು ಶುರುವಾಗುತ್ತಿತ್ತು. ಇವರೊಮ್ಮೆ ಹೋದರೆ ಸಾಕಪ್ಪ ಅಂತ ಮನಸ್ಸಿನಲ್ಲೇ ಅಂದುಕೊಂಡು, ಅಂದುಕೊಂಡದ್ದಕ್ಕೆ ತಮ್ಮ ಮೇಲೇ ಬೇಸರಪಟ್ಟುಕೊಳ್ಳುತ್ತಿದ್ದರು.

ಯಾಕೆಂದರೆ ಅವರದೂ ಅದೇ ಪಾಡು. ಅವರ ಮನೆಯ ಗೋಡೆಗಳಲ್ಲಿ ಎದೆಮಟ್ಟಕ್ಕೆ ಕೆಸರಿನ ಗೆರೆ ಇತ್ತು, ನೆಲ ಇನ್ನೂ ಆರಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಟೀಚರ ತಂಗಿಯ ಮನೆಯ ಹಜಾರದಲ್ಲಿ ಮಲಗುತ್ತಿದ್ದರು. ತಂಗಿ ಒಳ್ಳೆಯವಳು, “ನಿಂದೇ ಮನೆ ಅಂದ್ಕೋ ಅಕ್ಕ,” ಅಂತ ದಿನಕ್ಕೊಂದು ಸಲ ಹೇಳುತ್ತಿದ್ದಳು. ದಿನಾ ಹೇಳಬೇಕಾಗಿ ಬಂದ ಮೇಲೆ ಅದು ಯಾರ ಮನೆ ಅಂತ ಗೊತ್ತಾಗುತ್ತದಲ್ಲ. ಮನೆಯವರು ಏಳುವ ಮೊದಲೇ ಎದ್ದು ಹಾಸಿಗೆ ಸುತ್ತಿಡುವುದು ಟೀಚರಿಗೆ ರೂಢಿಯಾಗಿತ್ತು. ಅವರ ಗಂಡ ಮೂವತ್ತು ವರ್ಷದಿಂದ ಅಂಗಡಿಗಳಿಗೆ ಬೋರ್ಡು ಬರೆದುಕೊಂಡಿದ್ದ ಪೇಂಟರ್. ಪೇಟೆಬೀದಿಯ ಅರ್ಧಕ್ಕರ್ಧ ಬೋರ್ಡುಗಳು ಅವರ ಕೈಬರಹವೇ. ಈಗ ಬೋರ್ಡೂ ಇರಲಿಲ್ಲ, ಬ್ರಷ್ಷೂ ಇರಲಿಲ್ಲ. ಬೆಳಗಿನಿಂದ ಸಂಜೆವರೆಗೆ ನಾದಿನಿಯ ಮನೆಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಮೂವತ್ತನಾಲ್ಕು ಮಕ್ಕಳ ಜೊತೆ ದಿನವಿಡೀ ಮಾತಾಡಿ ಬರುತ್ತಿದ್ದ ಟೀಚರಿಗೆ ಗಂಡನ ಎದುರು ಬಂದಾಗ ಒಂದು ಮಾತೂ ಉಳಿದಿರುತ್ತಿರಲಿಲ್ಲ.

ಶಾಲೆ ತೆರೆಯುವ ಮುಂಚೆ ಎರಡು ದಿನದ ತರಬೇತಿ ನಡೆದಿತ್ತು. ಪಟ್ಟಣದಿಂದ ಬಂದಿದ್ದ ಹುಡುಗಿಯೊಬ್ಬಳು ಶಿಕ್ಷಕರಿಗೆಲ್ಲ ಒಂದೊಂದು ಹಾಳೆ ಹಂಚಿದ್ದಳು. ‘ದಿನಚರಿ ಆದಷ್ಟು ಮೊದಲಿನಂತಿರಲಿ. ಮಗು ಮಾತಾಡಿದರೆ ಕೇಳಿಸಿಕೊಳ್ಳಿ, ಮಾತಾಡಲು ಒತ್ತಾಯಿಸಬೇಡಿ. ಮನೆಯಲ್ಲೂ ಶಾಲೆಯಲ್ಲೂ ಸತ್ಯವನ್ನು ಸರಳ ಮಾತಿನಲ್ಲಿ ಹೇಳಿ. ನಡೆಸಿಕೊಡಲಾಗದ ಮಾತು ಕೊಡಬೇಡಿ.’ ಕೊನೆಯ ಸಾಲು, ‘ನಿಮ್ಮ ವಿಶ್ರಾಂತಿಯ ಕಡೆಗೂ ಗಮನವಿರಲಿ’ ಎಂದಿತ್ತು. ಅದನ್ನು ಓದಿ ಎಲ್ಲ ಶಿಕ್ಷಕರೂ ನಕ್ಕಿದ್ದರು.

ಮಂಗಳವಾರ ಹೆಡ್‌ಮಾಸ್ತರು ಟೀಚರನ್ನು ಕರೆಸಿದರು. ಅವರ ಮೇಜಿನ ಮೇಲೆ ಒದ್ದೆಯಾಗಿ ಒಣಗಿ ಉಬ್ಬಿದ ಫೈಲುಗಳ ರಾಶಿ.

“ಆ ಅಜ್ಜಿಗೆ ಶೆಡ್ಡು ಕೊಟ್ಟು ಹದಿನೈದು ದಿನ ಆಯ್ತು. ಐವತ್ತೇಳನೇ ನಂಬರು. ಸೋಮವಾರದೊಳಗೆ ಹೋಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತಾರಂತೆ. ನಾನು ಎರಡು ಸಲ ಹೇಳ್ದೆ. ಕಲ್ಲಿನ ಮೇಲೆ ನೀರು ಸುರಿದ ಹಾಗೆ.”

“ಯಾಕೆ ಹೋಗಲ್ಲ ಅಂತ ನಿಮಗೂ ಗೊತ್ತಲ್ಲ ಸಾರ್.”

ಅದು ಎಲ್ಲರಿಗೂ ಗೊತ್ತಿತ್ತು. ಹುಡುಗಿಯ ಅಪ್ಪ ಹಾಲಿನ ವ್ಯಾನಿನ ಡ್ರೈವರ್. ತಾಯಿ ಅವಳು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ನೀರು ಏರಿದ ದಿನ ಅವನು ವ್ಯಾನಿನಲ್ಲಿ ಅಮ್ಮನನ್ನೂ ಮಗಳನ್ನೂ ತಂದು ಶಾಲೆಗೆ ಬಿಟ್ಟು, ಹಿಂದಿನ ಬೀದಿಯವರನ್ನು ಕರೆತರಲು ವಾಪಸು ಹೋದ. ಒಂದು ಸಲ ತುಂಬಿಕೊಂಡು ಬಂದ, ಎರಡನೇ ಸಲವೂ ಬಂದ. ಮೂರನೇ ಸಲ ಹೊರಡುವಾಗ ಮೆಟ್ಟಿಲ ಕೆಳಗಿನಿಂದಲೇ ಕೂಗಿ ಹೇಳಿದ್ದ: “ಇಲ್ಲೇ ಇರಿ, ಎಲ್ಲೂ ಕದಲಬೇಡಿ. ನಾನೇ ಬಂದು ಕರ್ಕೊಂಡು ಹೋಗ್ತೀನಿ.”

ಹೆಡ್‌ಮಾಸ್ತರು ದನಿ ತಗ್ಗಿಸಿದರು. “ನಿನ್ನೆ ಪೊಲೀಸಿನವರು ಬಂದಿದ್ರು. ಹಳೇ ಸೇತುವೆ ಹತ್ರ ಹೂಳಿನಲ್ಲಿ ವ್ಯಾನ್ ಸಿಕ್ಕಿದೆ. ಒಳಗೆ ಯಾರೂ ಇಲ್ಲ.” ಮುಂದಿದ್ದ ಫೈಲೊಂದನ್ನು ಪಕ್ಕಕ್ಕೆ ಸರಿಸಿ, “ನೀವೇ ಹೇಳಿಬಿಡಿ ಟೀಚರ್. ನಿಮಗೆ ತರಬೇತಿ ಬೇರೆ ಆಗಿದೆ,” ಅಂದರು.

“ತರಬೇತಿ ನಿಮಗೂ ಆಗಿದೆ ಸಾರ್.”

“ನನ್ನ ಕೈಲಿ ಆಗಲ್ಲ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಣ್ಣು ಕೆಂಪಾಗಿದ್ದವು. “ಈ ಎರಡು ತಿಂಗಳಲ್ಲಿ ಇಂಥದ್ದು ಏಳು ಮನೆಗೆ ಹೇಳಿದೀನಿ.”

ಟೀಚರ್ ಹೂಂ ಅಂದು ಎದ್ದು ಬಂದರು. ಬುಧವಾರ ಹೇಳೋಣ ಅಂದುಕೊಂಡರು, ಬುಧವಾರ ಕಳೆಯಿತು. ಗುರುವಾರ ಅಜ್ಜಿಯ ಪಕ್ಕ ಮೆಟ್ಟಿಲ ಮೇಲೆ ಕೂತೂ ಕೂತರು. ಅಜ್ಜಿ ಅವರ ಮುಖ ನೋಡಿ, “ನಿದ್ದೆ ಮಾಡಿ ಟೀಚರಮ್ಮ, ಕಣ್ಣೆಲ್ಲ ಒಳಗೋಗಿದೆ,” ಅಂದಳು. ಟೀಚರ್ ತಲೆಯಾಡಿಸಿ, ವಿಷಯ ಹೇಳದೆಯೇ ಎದ್ದು ಕ್ಲಾಸಿಗೆ ಹೋದರು.

ಶುಕ್ರವಾರ ಮಧ್ಯಾಹ್ನ ಮಳೆ ಬಂತು.

ಟೀಚರ್ ಹಲಗೆಯ ಮೇಲೆ ಕಳೆಯುವ ಲೆಕ್ಕ ಬರೆಯುತ್ತಿದ್ದರು. ಬೆಳಕು ಮಂಕಾದದ್ದು ಮೊದಲು ಯಾರ ಗಮನಕ್ಕೂ ಬರಲಿಲ್ಲ. ಸೈಕಲ್ ನಿಲ್ಲಿಸುವ ಜಾಗದ ತಗಡಿನ ಮೇಲೆ ನಾಲ್ಕು ಹನಿ ಬಿದ್ದ ಸದ್ದಾಯಿತು, ಆಮೇಲೆ ಒಮ್ಮೆಲೇ ಜೋರಾಯಿತು. ಕ್ಲಾಸಿನಲ್ಲಿ ಗಲಾಟೆ ಏಳಲಿಲ್ಲ. ಬದಲಿಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪುಸ್ತಕ ಮುಚ್ಚಿ ಬ್ಯಾಗಿನೊಳಗಿಟ್ಟು, ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ಕೂತಳು. ಅವಳನ್ನು ನೋಡಿ ಪಕ್ಕದವಳು. ನೋಡುನೋಡುತ್ತಿದ್ದಂತೆ ಇಡೀ ಕ್ಲಾಸು ಬೆನ್ನಿಗೆ ಬ್ಯಾಗು ಏರಿಸಿ, ಬಾಗಿಲ ಕಡೆ ನೋಡುತ್ತ ಕೂತಿತ್ತು. ಎಲ್ಲೋ ಹಿಂದೆ ಒಂದು ಮಗು ಬಿಕ್ಕತೊಡಗಿತು. ಇನ್ನೊಂದರ ಬೆಂಚಿನ ಕೆಳಗೆ ನೆಲ ಒದ್ದೆಯಾಯಿತು.

ಏನಾದರೂ ಹೇಳಬೇಕು ಅಂತ ಟೀಚರಿಗೆ ಗೊತ್ತಿತ್ತು. ಹಾಳೆಯಲ್ಲಿದ್ದ ಸಾಲುಗಳೆಲ್ಲ ಬಾಯಿಪಾಠವಾಗಿದ್ದವು. ಆದರೆ ಕಿವಿಯ ತುಂಬ ಆ ತಗಡಿನ ಸದ್ದೇ ತುಂಬಿಕೊಂಡಿತ್ತು. ಕೈಯಲ್ಲಿದ್ದ ಸೀಮೆಸುಣ್ಣ ಮುರಿದು ಬಿತ್ತು. “ಎಲ್ಲರೂ...” ಅಂದರು. ಮುಂದಕ್ಕೆ ದನಿ ಹೊರಡಲಿಲ್ಲ.

ಓನರಮ್ಮ ಎದ್ದಳು. ಬೀರುವಿನ ಹಿಂದೆ ಹೋಗಿ ಹೊದಿಕೆ ಸರಿಸಿ, ಸುತ್ತಿಟ್ಟಿದ್ದ ಎರಡೂ ಚಾಪೆ ಎಳೆದು ತಂದು ಹಲಗೆಯ ಮುಂದೆ ಹಾಸಿದಳು.

“ಬನ್ನಿ, ಇಲ್ಲಿ ಕೂತ್ಕೊಳ್ಳಿ. ಬ್ಯಾಗ್ ತೆಗೀಬೇಕಾಗಿಲ್ಲ. ನಾವೂ ಮೊದಲು ಹಾಗೇ ಕೂತಿದ್ವಿ, ಆಮೇಲೆ ಬೆನ್ನು ನೋವು ಬಂತು ಅಂತ ನಾವೇ ತೆಗೆದ್ವಿ. ಒತ್ತಿಕೊಂಡು ಕೂತ್ಕೊಳ್ಳಿ, ಜಾಗ ಸಾಕಾಗುತ್ತೆ.”

ಮಕ್ಕಳು ಒಬ್ಬೊಬ್ಬರಾಗಿ ಬಂದು ಚಾಪೆಯ ಮೇಲೆ ಕುಕ್ಕರಿಸಿದರು. ಬಟ್ಟೆ ಒದ್ದೆ ಮಾಡಿಕೊಂಡಿದ್ದ ಮಗುವಿಗೆ ಗಂಟಿನಿಂದ ತನ್ನದೇ ಒಂದು ಲಂಗ ತೆಗೆದುಕೊಟ್ಟು, “ಬೀರು ಹಿಂದೆ ಹೋಗಿ ಹಾಕ್ಕೊಂಡು ಬಾ, ಯಾರೂ ನೋಡಲ್ಲ,” ಅಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಈ ರೂಮಿಗೆ ನೀರು ಬಂದೇ ಇಲ್ಲ. ಮೆಟ್ಲು ಹನ್ನೊಂದಿದೆ, ನಾಲ್ಕನೇದಕ್ಕೆ ನಿಂತೋಯ್ತು. ನಾನು ನೋಡಿದೀನಿ.”

“ಸುಳ್ಳು ಹೇಳ್ತಾಳೆ,” ಅಂದ, ಆವತ್ತು ‘ಮಕ್ಕಳೊಂದಿಗ ನಾನು’ ಅಂದಿದ್ದ ಹುಡುಗ. ಬ್ಯಾಗಿನ ಪಟ್ಟಿಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ.

“ಸುಳ್ಳಾದ್ರೆ ಬಾ, ತೋರಿಸ್ತೀನಿ.”

ಅವಳು ಟೀಚರ ಮುಖ ನೋಡಿದಳು. ಟೀಚರಿಗೆ ಆಗ ಉಸಿರು ಬಂತು. ಕೊಡೆ ತೆಗೆದುಕೊಂಡು, “ಐದೈದು ಜನ ಬನ್ನಿ,” ಅಂದರು. ಹೊರಗೆ ಅಜ್ಜಿ ಮಳೆಗೆ ಹಿಂದೆ ಸರಿದು ಗೋಡೆಗೆ ಒರಗಿ ಕೂತಿದ್ದಳು. ಕೊಡೆಯ ಕೆಳಗೆ ಮಕ್ಕಳು ಗುಂಪು ಗುಂಪಾಗಿ ಮೆಟ್ಟಿಲಿಳಿದು, ನಾಲ್ಕನೇ ಮೆಟ್ಟಿಲಿನ ಅಂಚಿನ ಕಂದು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮೇಲಕ್ಕೆ ಎಣಿಸುತ್ತ ಹತ್ತಿ ಬಂದರು. “ಇನ್ನೂ ಏಳು ಬಾಕಿ ಇದೆ,” ಅಂತ ಒಬ್ಬ ಒಳಗಿದ್ದವರಿಗೆ ವರದಿ ಒಪ್ಪಿಸಿದ. ಮಳೆ ಸುರಿಯುತ್ತಲೇ ಇತ್ತು. ಏಳನೇ ಗುಂಪು ಒಳಗೆ ಬರುವಷ್ಟರಲ್ಲಿ ಮೊದಲಿನವರು ಬ್ಯಾಗು ಕೆಳಗಿಳಿಸಿದ್ದರು.

ಚಾಪೆಯ ಮೇಲಿದ್ದ ಒಂದು ಮಗು ಕೇಳಿತು, “ಮತ್ತೆ ನಿಮ್ಮಪ್ಪ?”

“ಅಪ್ಪ ಮೆಟ್ಲಿಳಿದು ಹೋದ್ರು,” ಅಂದಳು ಓನರಮ್ಮ. “ಜನರನ್ನ ಕರ್ಕೊಂಡು ಬರೋಕೆ.”

ಆ ಮಗು ಸರಿದು ಅವಳಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಿತು.

ಗಂಟೆ ಹೊಡೆದು ಮಕ್ಕಳನ್ನೆಲ್ಲ ಮನೆಯವರು ಬಂದು ಕರೆದೊಯ್ದ ಮೇಲೆ ಟೀಚರ್ ಕೋಣೆಗೆ ಮರಳಿದರು. ಹುಡುಗಿ ಬೆಂಚಿನ ಕೆಳಗೆ ನೆಲ ಒರೆಸುತ್ತಿದ್ದಳು. ಟೀಚರ್ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ತಾವೇ ಒರೆಸಿದರು.

“ಟೀಚರ್, ಒಂದ್ ಮಾತು.” ಹುಡುಗಿ ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದಳು. “ವ್ಯಾನ್ ಸಿಕ್ಕಿದ್ದು ಅಜ್ಜಿಗೆ ಹೇಳ್ಬೇಡಿ.”

ಟೀಚರ್ ಬಟ್ಟೆ ಹಿಡಿದುಕೊಂಡು ಹಾಗೇ ಕೂತರು. “ನಿಂಗೆ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಹೆಡ್‌ಮಾಸ್ತರು ಫೋನಲ್ಲಿ ಮಾತಾಡ್ತಿದ್ರು. ನಾವು ಇಲ್ಲೇ ಇರ್ತೀವಲ್ಲ ಟೀಚರ್, ಎಲ್ಲಾ ಕೇಳ್ಸುತ್ತೆ.” ಅವಳು ಚಾಪೆಯ ಅಂಚಿನ ಎಳೆಯೊಂದನ್ನು ಕೀಳುತ್ತಿದ್ದಳು. “ಅಜ್ಜಿಗೆ ಗೊತ್ತಾದ್ರೆ ತಡ್ಕೊಳ್ಳಲ್ಲ. ಅದಕ್ಕೇ ನಾನು, ಅಪ್ಪ ಬಂದಾಗ ಹೀಗೆ ಮಾಡೋಣ, ಹಾಗೆ ಮಾಡೋಣ ಅಂತ ಹೇಳ್ತಿರ್ತೀನಿ.”

ಅವಳ ತಲೆಯ ಮೇಲೆ ಕೈಯಿಡಬೇಕು ಅನ್ನಿಸಿತು ಟೀಚರಿಗೆ. ಕೈ ನೆಲ ಒರೆಸಿದ್ದು ಅಂತ ನೆನಪಾಗಿ ಸೆರಗಿಗೆ ಒರೆಸಿಕೊಂಡರು. “ಇಲ್ಲೇ ಇರು, ಬಂದೆ,” ಅಂದು ಹೊರಗೆ ಬಂದರು.

ಮಳೆ ಹನಿಯುತ್ತಿತ್ತು. ಅಜ್ಜಿಯ ಪಕ್ಕ ಕೂತು, ಈ ಸಲ ಯೋಚನೆಗೆ ಎಡೆಗೊಡದೆ, “ಅಜ್ಜಿ, ನಿಮಗೊಂದು ವಿಷಯ ಹೇಳ್ಬೇಕು,” ಅಂದರು.

“ವ್ಯಾನಿಂದು ತಾನೆ?” ಅಜ್ಜಿ ಗೇಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ. “ಆವತ್ತು ಪೊಲೀಸಿನವನು ಇಲ್ಲೇ ನಿಂತ್ಕೊಂಡು ನಿಮ್ಮ ಮಗನ ವ್ಯಾನಿನ ನಂಬರೇನು ಅಂತ ನನ್ನೇ ಕೇಳ್ದ. ಸುಮ್‌ಸುಮ್ನೆ ಯಾರಾದ್ರೂ ನಂಬರ್ ಕೇಳ್ತಾರಾ ತಾಯಿ? ಆಗಲೇ ಗೊತ್ತಾಯ್ತು.”

“ಮತ್ತೆ ಯಾಕೆ ಏನೂ ಹೇಳ್ಲಿಲ್ಲ?”

“ಯಾರಿಗೆ ಹೇಳ್ಲಿ? ಆ ಮಗು, ಅಪ್ಪ ಬಂದಾಗ ಹೀಗ್ಮಾಡೋಣ ಹಾಗ್ಮಾಡೋಣ ಅಂತ ದಿನಾ ಹೇಳುತ್ತೆ. ಅದರ ಮುಖ ನೋಡ್ಕೊಂಡು ನಾನು ಹೂಂ ಹೂಂ ಅಂತೀನಿ. ಅದಕ್ಕೆ ಹೆಂಗೆ ಹೇಳೋದು? ಎದೆ ಒಡ್ಕೊಳ್ಳುತ್ತೆ ಕೂಸು.”

ಟೀಚರ್ ತಿರುಗಿ ಕೋಣೆಯ ಬಾಗಿಲ ಕಡೆ ನೋಡಿದರು. ಮೊಣಕಾಲು ನೋಯುತ್ತಿತ್ತು, ಬಸ್ಸಿನ ಹೊತ್ತಾಗಿತ್ತು.

“ಒಳಗೆ ಹೋಗಿ ಅಜ್ಜಿ,” ಅಂದರು ಕೊನೆಗೆ. “ಅವಳಿಗೂ ಗೊತ್ತಿದೆ. ನಿಮಗೋಸ್ಕರ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾಳೆ. ಇಬ್ಬರೂ ಮಾತಾಡಿಕೊಳ್ಳಿ. ನಾನು ಇಲ್ಲೇ ಇರ್ತೀನಿ.”

ಅಜ್ಜಿ ಆಗ ತಿರುಗಿ ಅವರ ಮುಖ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು ನಿಧಾನವಾಗಿ ಒಳಗೆ ಹೋದಳು.

ಟೀಚರ್ ಕಿವಿಗೊಡಲಿಲ್ಲ. ಆದರೂ ಕೆಲವು ಸದ್ದು ತಾವಾಗಿಯೇ ಹೊರಗೆ ಬಂದವು. ಮೊದಲು ಏನೂ ಇರಲಿಲ್ಲ. ಆಮೇಲೆ ಕೆಮ್ಮಿನಂಥ ಒಂದು ಸದ್ದು, ಅದು ಅಜ್ಜಿಯ ಅಳು. ಆಮೇಲೆ ಹುಡುಗಿಯದು. ಎರಡೂ ಒಟ್ಟಿಗೆ ಬಹಳ ಹೊತ್ತು ನಡೆದವು. ಬಸ್ಸು ಗೇಟಿನ ಮುಂದೆ ನಿಂತು, ಹಾರನ್ ಹೊಡೆದು, ಹೋಯಿತು. ಅಳು ನಿಂತಿತು. ಕೊನೆಗೆ ಯಾರೋ ಸ್ಟವ್ವಿಗೆ ಪಂಪು ಹೊಡೆಯುವ ಸದ್ದು.

ಅಜ್ಜಿ ಎರಡು ಲೋಟ ಟೀ ಹಿಡಿದುಕೊಂಡು ಬಂದಳು. ಕಣ್ಣು, ಮೂಗು ಎಲ್ಲ ಊದಿಕೊಂಡಿದ್ದವು.

“ಆ ಶೆಡ್ಡಿಗೆ ಹೋಗ್ತೀವಿ ಟೀಚರಮ್ಮ. ಆದ್ರೆ ಒಂದು. ವ್ಯಾನ್ ಸಿಕ್ಕಿದ್ರೇನಾಯ್ತು, ಅವನು ಸಿಕ್ಕಿಲ್ವಲ್ಲ. ಇಲ್ಲೇ ಇರಿ ಅಂದಿದ್ದ. ನಾಳೆ ಬಂದು ನೋಡಿ, ಅಮ್ಮ ಇಲ್ವಲ್ಲ ಅಂದ್ಕೋಬಾರದು. ಎಲ್ಲಿಗೆ ಹೋಗಿದೀವಿ ಅಂತ ಇಲ್ಲೊಂದು ಕಡೆ ಬರೆಸಿಬಿಡಿ.”

ಅವನು ಬರುತ್ತಾನೆ ಅಂತ ಹೇಳಲು ಟೀಚರಿಗೆ ಬಾಯಿ ಬರಲಿಲ್ಲ. ಬರುವುದಿಲ್ಲ ಅಂತಲೂ ಹೇಳಲಿಲ್ಲ. “ಬರೆಸ್ತೀನಿ,” ಅಂದರು. ಅದು ತಮ್ಮ ಕೈಯಲ್ಲಾಗುವ ಮಾತು.

ಹೆಡ್‌ಮಾಸ್ತರು ಇನ್ನೂ ಆಫೀಸಿನಲ್ಲೇ ಇದ್ದರು. ಗೇಟಿನ ಕಂಬಕ್ಕೆ ಹೋದ ವಾರವಷ್ಟೇ ಸುಣ್ಣ ಹೊಡೆಸಿದ್ದರು. ಕಂಬದ ಮೇಲೆ ಬರೆಯಬಹುದಾ ಅಂತ ಟೀಚರ್ ಹಿಂಜರಿಯುತ್ತಲೇ ಕೇಳಿದರು.

“ಸೀಮೆಸುಣ್ಣದಲ್ಲಿ ಬೇಡ,” ಅಂದರು ಹೆಡ್‌ಮಾಸ್ತರು, ಫೈಲಿನಿಂದ ತಲೆ ಎತ್ತದೆ. “ಮಳೆಗೆ ಹೋಗುತ್ತೆ. ಸ್ಟೋರಿನಲ್ಲಿ ಕಪ್ಪು ಪೇಂಟ್ ಇದೆ, ತಗೊಳ್ಳಿ.”

ಮುಂದಿನ ಬಸ್ಸಿಗೆ ತಂಗಿಯ ಮನೆಗೆ ಬಂದು ಟೀಚರ್ ಬಾಲ್ಕನಿಗೆ ಹೋಗಿ ಗಂಡನ ಕುರ್ಚಿಯ ಪಕ್ಕ ನಿಂತರು. “ರೀ, ಎರಡು ಸಾಲು ಬರೆದುಕೊಡ್ಬೇಕು.”

“ಬ್ರಷ್ಷೆಲ್ಲಿದೆ?” ಅಂದರು ಅವರು, ಬೀದಿ ನೋಡುತ್ತಲೇ.

“ನಾಳೆ ತರ್ತೀನಿ.”

“ಯಾವ ಅಂಗಡಿ?”

“ಅಂಗಡಿ ಅಲ್ಲ.” ಟೀಚರ್ ಅಲ್ಲೇ ನೆಲದ ಮೇಲೆ ಕೂತು, ಹಾಲಿನ ವ್ಯಾನಿನಿಂದ ಹಿಡಿದು ಸ್ಟವ್ವಿನ ಪಂಪಿನವರೆಗೆ ಎಲ್ಲವನ್ನೂ ಹೇಳಿದರು. ಎರಡು ತಿಂಗಳಲ್ಲಿ ಅವರಿಬ್ಬರ ನಡುವೆ ಅಷ್ಟು ಮಾತು ನಡೆದದ್ದು ಅದೇ ಮೊದಲು. ಗಂಡ ನಡುವೆ ಎದ್ದು ಹೋಗದೆ ಕೊನೆಯವರೆಗೂ ಕೇಳಿಸಿಕೊಂಡರು.

ಭಾನುವಾರ ಬೆಳಿಗ್ಗೆ ಇಬ್ಬರೂ ಶಾಲೆಗೆ ಹೋದರು. ಪೇಂಟರ್ ಕಂಬದ ಮುಂದೆ ನಿಂತು ದಾರ ಹಿಡಿದು ಗೆರೆ ಹಾಕಿದರು. ಬ್ರಷ್ಷು ಅದ್ದಿ ಎತ್ತಿದರು. ಮೊದಲ ಅಕ್ಷರ ಸೊಟ್ಟಗಾಯಿತು. ಅದನ್ನು ಒರೆಸಿ ಮತ್ತೆ ಬರೆದರು. ಟೀಚರ್ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಅರ್ಧ ಗಂಟೆಯಲ್ಲಿ ಮೂರು ಸಾಲು ಸಿದ್ಧವಾಯಿತು: ‘ಹಾಲಿನ ವ್ಯಾನ್ ಡ್ರೈವರ್ ಗಮನಕ್ಕೆ. ಅಮ್ಮ, ಮಗಳು ಕ್ಷೇಮ. ಹೊಸ ಕಾಲೊನಿ, ಶೆಡ್ ನಂಬರ್ 57.’

ಓನರಮ್ಮ ಅದನ್ನು ಅಜ್ಜಿಗೆ ಓದಿ ಹೇಳಿದಳು. ಓದು ಬಾರದ ಅಜ್ಜಿ ಹತ್ತಿರ ಬಂದು, ದೂರ ಹೋಗಿ, ತಲೆ ಓರೆ ಮಾಡಿ ನೋಡಿದಳು.

“ಚೆನ್ನಾಗಿದೆಯಪ್ಪ. ಇನ್ನೊಂಚೂರು ದೊಡ್ಡದಾಗಿ ಬರೆಯೋಕಾಗುತ್ತಾ? ಅವನಿಗೆ ದೂರದ್ದು ಸರಿಯಾಗಿ ಕಾಣಲ್ಲ. ಕನ್ನಡಕ ಮಾಡಿಸ್ಕೋ ಅಂದ್ರೆ ಕೇಳ್ತಿರ್ಲಿಲ್ಲ.”

ಪೇಂಟರ್ ಒಂದು ಗಳಿಗೆ ಅವಳನ್ನೇ ನೋಡಿದರು. “ಆಗ್ಲಿ ಅಮ್ಮ,” ಅಂದು ಬಟ್ಟೆಯಿಂದ ಎಲ್ಲವನ್ನೂ ಒರೆಸಿ, ಸುಣ್ಣದ ಬಿಳಿ ಮತ್ತೊಮ್ಮೆ ಬಳಿದು, ಒಣಗುವವರೆಗೆ ಕಾದು, ಅಕ್ಷರಗಳನ್ನು ಗೇಣುದ್ದಕ್ಕೆ ಬರೆದರು. ಬಿಸಿಲು ನೆತ್ತಿಗೆ ಬಂದಿತ್ತು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ನಾಲ್ವರೂ ಚಾಪೆ, ಸ್ಟವ್ವು, ಗಂಟು ಹಂಚಿಕೊಂಡು ಹೊತ್ತು ಹೊಸ ಕಾಲೊನಿಯ ಬಸ್ಸು ಹತ್ತಿದರು.

ಸೋಮವಾರ ಮೂರನೇ ಕೋಣೆಯಲ್ಲಿ ಬೀರುವಿನ ಹಿಂದೆ ಏನೂ ಇರಲಿಲ್ಲ. ಕಿಟಕಿ ಪಕ್ಕದ ಸಾಲಿನ ಹುಡುಗರು ಪೆನ್ಸಿಲ್ ಸಿಪ್ಪೆಯನ್ನು ಕೈಯಲ್ಲೇ ಹಿಡಿದುಕೊಂಡು ಅತ್ತ ಇತ್ತ ನೋಡಿ, ಕೊನೆಗೆ ಜೇಬಿಗೆ ಹಾಕಿಕೊಂಡರು. ಟೀಚರ್ ಹಾಜರಿ ಕರೆದರು. ಒಂದು ಹೆಸರಿಗೆ ಉತ್ತರ ಬರಲಿಲ್ಲ. ಅಲ್ಲಿ ಗುರುತು ಹಾಕದೆ ಮುಂದಿನ ಹೆಸರಿಗೆ ಹೋದರು, ಪುಸ್ತಕ ಮುಚ್ಚಿದರು, ಹಲಗೆಯ ಮೇಲೆ ತಾರೀಖು ಬರೆದರು. ಒಂಬತ್ತೂ ಕಾಲರ ಬಸ್ಸು ಬಂದು ಹೋದ ಸದ್ದಾಯಿತು.

ಸ್ವಲ್ಪ ಹೊತ್ತಿನಲ್ಲಿ ಬಾಗಿಲಲ್ಲಿ ಹೆಜ್ಜೆ ಸಪ್ಪಳ ನಿಂತಿತು. ಹುಡುಗಿ ಹೊಸಿಲಿನ ಆಚೆ ಉಸಿರು ಬಿಡುತ್ತ ನಿಂತಿದ್ದಳು. ತಲೆ ಬಾಚಿ ಎರಡು ಜಡೆ ಬಿಗಿಯಾಗಿ ಹೆಣೆದಿತ್ತು, ಚಪ್ಪಲಿಗೆ ರಸ್ತೆಯ ಧೂಳು ಮೆತ್ತಿತ್ತು, ಬೆನ್ನಿಗೆ ಬ್ಯಾಗು.

“ಟೀಚರ್,” ಅಂದಳು, “ಒಳಗೆ ಬರ್ಲಾ?”